ಡಿಸೆಂಬರ್ ಕತ್ತಲು, ಲುಸಿಯಾ ಅಂಗಿ, ಮನೆಗೆ ಬಾರದ ಟೊಮ್ಟೆ

ಪ್ರಶ್ನೆ: ಮೇಡಂ, ನಾವು ಮೈಸೂರಿನವರು. ಆಗಸ್ಟ್‌ನಲ್ಲಿ ಸ್ಟಾಕ್‌ಹೋಮ್ ಪಕ್ಕದ ಸೊಲ್ಲೆಂಟೂನಾಗೆ ಬಂದೆವು. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗನಿಗೆ 8 ವರ್ಷ, ಮಗಳಿಗೆ 4. ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ನವೆಂಬರ್ ಬಂದದ್ದೇ ಬಂದದ್ದು, ಮನೆಯ ನೆಮ್ಮದಿಯೇ ಹೋಯಿತು. ಮೂರು ಗಂಟೆಗೆಲ್ಲ ಕತ್ತಲು, ಮಕ್ಕಳಿಗೆ ಬಿಡದ ಕೆಮ್ಮು-ನೆಗಡಿ, ಬೆಳಿಗ್ಗೆ ಬಟ್ಟೆ ಹಾಕಿಸಿ ಹೊರಡಿಸುವಷ್ಟರಲ್ಲಿ ಕೂಗಾಟ. ಲುಸಿಯಾ ಹಬ್ಬಕ್ಕೆ ಬಿಳಿ ಅಂಗಿ ಕಳಿಸಿ ಎಂದು ಮಗಳ ಶಿಶುವಿಹಾರದಿಂದ, ಅಂದರೆ ಫೋರ್‌ಸ್ಕೂಲಾದಿಂದ ಹೇಳಿದ್ದಾರೆ. ನಮ್ಮತ್ತೆಯವರು ಫೋನಿನಲ್ಲಿ “ಅದು ಅವರ ಧರ್ಮದ ಹಬ್ಬ, ಮಗೂನ ಯಾಕೆ ನಿಲ್ಲಿಸ್ತೀರಿ” ಎನ್ನುತ್ತಾರೆ. ಮಗ ಮೊನ್ನೆ “ನಮ್ಮನೆಗೆ ಟೊಮ್ಟೆ ಯಾಕೆ ಬರಲ್ಲ” ಎಂದು ಕೇಳಿದ (ಟೊಮ್ಟೆ ಎಂದರೆ ಇಲ್ಲಿನ ಕ್ರಿಸ್‌ಮಸ್ ತಾತ); ನನಗೆ ಉತ್ತರ ಹೊಳೆಯಲಿಲ್ಲ. ರಜೆಯಲ್ಲಿ ಎಲ್ಲಿಗೂ ಹೋಗುತ್ತಿಲ್ಲ. ಈ ಡಿಸೆಂಬರ್ ಹೇಗೆ ಕಳೆಯೋದು?

ಉತ್ತರ: ನೀವು ಕತ್ತಲನ್ನು ಮೊದಲು ಬರೆದಿದ್ದೀರಿ, ಟೊಮ್ಟೆಯನ್ನು ಕೊನೆಗೆ. ನಾನು ಹಿಂದುಮುಂದು ಮಾಡಿ ಉತ್ತರಿಸುತ್ತೇನೆ. ಯಾಕೆಂದರೆ ಕತ್ತಲಿಗೆ ಮಕ್ಕಳು ನಮಗಿಂತ ಬೇಗ ಒಗ್ಗಿಕೊಳ್ಳುತ್ತಾರೆ. ಹೊಸದಾಗಿ ಬಂದ ಮಕ್ಕಳನ್ನು ಡಿಸೆಂಬರ್‌ನಲ್ಲಿ ನಿಜವಾಗಿ ಕಾಡುವುದು ಬೇರೆಯೇ. ಶಾಲೆಯಲ್ಲಿ ದಿನಕ್ಕೊಂದು ಹೊಸದು ನಡೆಯುತ್ತಿರುತ್ತದೆ, ಮನೆಯಲ್ಲಿ ಅಪ್ಪ-ಅಮ್ಮನಿಗೆ ಅದರ ಸುಳಿವೇ ಇರುವುದಿಲ್ಲ. ಇಲ್ಲಿನ ಫೋರ್‌ಸ್ಕೂಲಾದಲ್ಲಿ ಶಿಕ್ಷಕಿಯಾಗಿರುವ ನಾನು ವರ್ಷ ವರ್ಷವೂ ಇದನ್ನು ನೋಡುತ್ತೇನೆ. ಕೆಂಪು ಬಟ್ಟೆಯ ದಿನ ಎಲ್ಲರೂ ಕೆಂಪು ಹಾಕಿಕೊಂಡು ಬಂದಿರುತ್ತಾರೆ, ಒಂದು ಮಗು ಮಾತ್ರ ನೀಲಿ ಸ್ವೆಟರ್‌ನಲ್ಲಿ ಬಾಗಿಲ ಹತ್ತಿರವೇ ನಿಂತುಬಿಡುತ್ತದೆ. ಆ ಮಗುವಿಗೆ ಬೇಸರ ಕೆಂಪು ಬಟ್ಟೆ ಇಲ್ಲವೆಂದಲ್ಲ, ತನ್ನ ಅಮ್ಮನಿಗೆ ಈ ಊರಿನ ವಿಷಯ ಗೊತ್ತಿಲ್ಲ ಎಂದು.

ಹಾಗಾಗಿ ಮೊದಲ ಕೆಲಸ ಇದು. ಶಾಲೆಯ ಆ್ಯಪ್‌ನಲ್ಲಿ ಪ್ರತಿ ವಾರ ಬರುವ ಪತ್ರವನ್ನು ಅನುವಾದ ಮಾಡಿಕೊಂಡು ಭಾನುವಾರ ಸಂಜೆ ಇಬ್ಬರೂ ಕೂತು ಓದಿ. ಲುಸಿಯಾ ಎಷ್ಟು ಗಂಟೆಗೆ, ಎಲ್ಲಿ, ಏನು ತರಬೇಕು. ಫ್ರಿಟಿಡ್ಸ್‌ಗೆ (ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾಗ) ರಜೆಯಲ್ಲಿ ಯಾವ ದಿನ ಕಳಿಸುತ್ತೀರಿ ಎಂದು ಯಾವ ತಾರೀಕಿನೊಳಗೆ ತಿಳಿಸಬೇಕು. ಎಲ್ಲವೂ ಅಲ್ಲೇ ಇರುತ್ತದೆ, ಒಂದೊಂದು ಸಾಲಿನಲ್ಲಿ. ಸ್ವೀಡಿಷರು ಒಂದು ಸಲ ಬರೆದು ತಿಳಿಸಿದರೆ ಮುಗಿಯಿತು; ನೆನಪಿಸಲು ಮತ್ತೆ ಫೋನ್ ಮಾಡುವುದಿಲ್ಲ. ಅಡುಗೆಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ, ಮಗನ ಕೈಲೇ ಬರೆಸಿ. ಎಂಟು ವರ್ಷದವನಿಗೆ ಅದೊಂದು ಅಧಿಕಾರ ಕೊಟ್ಟ ಹಾಗೆ.

ಇನ್ನು ಲುಸಿಯಾ. ಡಿಸೆಂಬರ್ 13ರ ಈ ಆಚರಣೆಗೆ ಹೆಸರು ಬಂದದ್ದು ಸಿಸಿಲಿಯ ಸಿರಾಕ್ಯೂಸ್‌ನ ಸಂತಳೊಬ್ಬಳಿಂದ, ನಿಜ. ಆದರೆ ಸ್ವೀಡನ್ ಬಲು ಹಿಂದೆಯೇ ಲೂಥರನ್ ದೇಶವಾಯಿತು. ಸಂತರ ಪೂಜೆ ಇಲ್ಲಿಲ್ಲ. ಉಳಿದಿರುವುದು ಬೆಳಕಿನ ಹಬ್ಬ. ಹಳೆಯ ಪಂಚಾಂಗದಲ್ಲಿ ಈ ರಾತ್ರಿಯೇ ವರ್ಷದ ಅತಿ ಉದ್ದನೆಯ ರಾತ್ರಿ ಎಂದು ಜನ ನಂಬಿದ್ದರು. ಬಿಳಿ ಅಂಗಿಯವರು ಹಾಡುತ್ತ ಸಾಲಾಗಿ ಬರುವ, ಈಗ ನಾವು ನೋಡುವ ಮೆರವಣಿಗೆ ದೇಶವೆಲ್ಲ ಹರಡಿದ್ದು 1920ರ ದಶಕದ ಕೊನೆಯಲ್ಲಿ, ಸ್ಟಾಕ್‌ಹೋಮ್‌ನ ಪತ್ರಿಕೆಯೊಂದು ಲುಸಿಯಾ ಆಯ್ಕೆಯ ಸ್ಪರ್ಧೆ ನಡೆಸಿದ ಮೇಲೆ. ಇಲ್ಲಿನ ಕಾನೂನಿನಂತೆ ಸರ್ಕಾರಿ ಶಾಲೆ ಮತ್ತು ಫೋರ್‌ಸ್ಕೂಲಾಗಳಲ್ಲಿ ಶಿಕ್ಷಣಕ್ಕೆ ಯಾವ ಧರ್ಮದ ಬಣ್ಣವೂ ಇರಬಾರದು. ಮಗಳ ಕೈಲಿ ಯಾರೂ ಪ್ರಾರ್ಥನೆ ಮಾಡಿಸುವುದಿಲ್ಲ. ಕೆಲವು ಶಾಲೆಗಳು ಮಕ್ಕಳನ್ನು ಚರ್ಚಿಗೆ ಕರೆದುಕೊಂಡು ಹೋಗುವುದುಂಟು. ಅಲ್ಲಿ ಏನೇನು ಇರುತ್ತದೆ ಎಂದು ನೀವು ಮೊದಲೇ ಕೇಳಬಹುದು. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಅತ್ತೆಯವರಿಗೆ ವಾದ ಮಾಡಿ ಒಪ್ಪಿಸಲು ಹೋಗಬೇಡಿ. ಮೆರವಣಿಗೆಯ ಸ್ವಲ್ಪ ವಿಡಿಯೊ ತೋರಿಸಿ, ಕಾರ್ತಿಕದ ದೀಪ ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಆದರೆ ಒಂದು ಎಚ್ಚರಿಕೆ: ಬೇರೆ ಮಕ್ಕಳ ಮುಖ ಬರುವ ವಿಡಿಯೊವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ, ಫೇಸ್‌ಬುಕ್‌ಗೆ ಹಾಕಬೇಡಿ. ಎಷ್ಟೋ ಕಡೆ ಚಿತ್ರೀಕರಣವನ್ನೇ ಬೇಡ ಎನ್ನುತ್ತಾರೆ. ಗುರುತು ಗುಟ್ಟಾಗಿ ಇಡಲೇಬೇಕಾದ ಮಕ್ಕಳೂ ನಮ್ಮ ಗುಂಪುಗಳಲ್ಲಿ ಇರುತ್ತಾರೆ, ಅದನ್ನು ನಾವು ಬಾಯಿಬಿಟ್ಟು ಹೇಳುವಂತಿಲ್ಲ. ನಿಮ್ಮ ಮಗಳನ್ನು ಮಾತ್ರ, ಕಾರ್ಯಕ್ರಮ ಮುಗಿದ ಮೇಲೆ, ಪಕ್ಕಕ್ಕೆ ಕರೆದು ತೆಗೆಯಿರಿ.

ಅಂಗಿಯ ವಿಷಯ. ಲುಸಿಯಾ ವೇಷವೆಂದರೆ ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ತಲೆಗೆ ಬ್ಯಾಟರಿ ಮೇಣದ ಬತ್ತಿಯ ಕಿರೀಟ. ಲುಸಿಯಾ ಆಗಲೇಬೇಕೆಂದಿಲ್ಲ. ತಲೆಗೆ ಹೊಳೆಯುವ ಸುತ್ತು ಕಟ್ಟಿಕೊಂಡ ಸಖಿಯರು, ಮೊನಚು ಟೋಪಿಯ ನಕ್ಷತ್ರದ ಹುಡುಗರು, ಕೆಂಪು ಬಟ್ಟೆಯ ಟೊಮ್ಟೆಗಳು, ಕಂದು ಬಟ್ಟೆಯ ಪೆಪ್ಪರ್‌ಕಾಕಾ ಬಿಸ್ಕತ್ತಿನ ಗೊಂಬೆಗಳು ಎಲ್ಲ ಇರುತ್ತಾರೆ. ಯಾವುದು ಬೇಕೆಂದು ಬಹಳ ಕಡೆ ಮಗುವೇ ಆರಿಸಿಕೊಳ್ಳುತ್ತದೆ. ಹೊಸದು ಕೊಳ್ಳಬೇಕಿಲ್ಲ, ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ನವೆಂಬರ್ ಕೊನೆಗೇ ಸಾಲಾಗಿ ನೇತುಹಾಕಿರುತ್ತಾರೆ. ಅಂಗಿಯನ್ನು ಎರಡು ಅಳತೆ ದೊಡ್ಡದೇ ತನ್ನಿ. ಮೆರವಣಿಗೆ ಅಂಗಳದಲ್ಲಿ ಇದ್ದರೆ ಅದನ್ನು ಚಳಿಗೆ ಮೈಯೆಲ್ಲ ಮುಚ್ಚುವ ಓವರ್‌ಆಲ್ ಮೇಲೇ ಹಾಕುವುದು. ಅಂಗಿಯೊಳಗೆ ಉಬ್ಬಿಕೊಂಡ ಇಪ್ಪತ್ತು ಮಕ್ಕಳು ಕತ್ತಲಲ್ಲಿ ಸಾಲಾಗಿ ಬರುವಾಗ ಅರ್ಧದಷ್ಟು ಹಾಡುತ್ತಿರುತ್ತವೆ, ಒಂದೆರಡು ಅಳುತ್ತಿರುತ್ತವೆ, ಒಂದು ಮಗು ಅಮ್ಮನನ್ನು ಕಂಡು ಸಾಲು ಬಿಟ್ಟು ಓಡಿಬರುತ್ತದೆ. ನಿಮ್ಮ ಮಗಳು ಬಾಯಿ ತೆರೆಯದೆ ಸುಮ್ಮನೆ ನಿಂತರೂ ಅದು ಚೆನ್ನಾಗಿಯೇ ಆಯಿತು. “ಯಾಕೆ ಹಾಡಲಿಲ್ಲ” ಎಂದು ಮನೆಗೆ ಬಂದು ಕೇಳಬೇಡಿ. ನಮ್ಮ ಕಡೆಯ ತಂದೆ-ತಾಯಂದಿರು ಇದೊಂದನ್ನು ಕೇಳದೆ ಬಿಡುವುದಿಲ್ಲ, ಸ್ಕೂಲ್ ಡೇ ಅಭ್ಯಾಸ.

ಆ ದಿನ ಕೊಡುವ ಹಳದಿ ಬನ್ನು ಲುಸ್ಸೆಕಾಟ್. ಕೇಸರಿ ಹಾಕಿದ್ದು, ಮೇಲೆ ಎರಡು ಒಣದ್ರಾಕ್ಷಿ. ಅದರ ಹೊಳಪು ಸಾಮಾನ್ಯವಾಗಿ ಮೊಟ್ಟೆಯದು, ಹಿಟ್ಟಿಗೂ ಕೆಲವರು ಮೊಟ್ಟೆ ಹಾಕುತ್ತಾರೆ. ಆದ್ದರಿಂದ ಮನೆಯಲ್ಲೇ ಮಾಡಿ, ಮಕ್ಕಳನ್ನು ಕೂರಿಸಿಕೊಂಡು. ಅಂಗಡಿಯಲ್ಲಿ ಕೇಸರಿ ಅರ್ಧ ಗ್ರಾಮಿನ ಪುಟ್ಟ ಪೊಟ್ಟಣದಲ್ಲಿ ಸಿಗುತ್ತದೆ. ಎರಡು ಪೊಟ್ಟಣ ಸಾಕು. ಅದನ್ನು ಒಂದು ಚಮಚ ಸಕ್ಕರೆಯೊಂದಿಗೆ ಕುಟ್ಟಾಣಿಯಲ್ಲಿ ಅರೆದು, ಕರಗಿಸಿದ 150 ಗ್ರಾಂ ಬೆಣ್ಣೆ ಮತ್ತು ಅರ್ಧ ಲೀಟರ್ ಉಗುರುಬೆಚ್ಚಗಿನ ಹಾಲಿಗೆ ಸೇರಿಸಿ. 50 ಗ್ರಾಂ ಹಸಿ ಯೀಸ್ಟ್, ಎರಡು ಡೆಸಿಲೀಟರ್ (200 ಮಿಲಿ ಅಳತೆಯ) ಸಕ್ಕರೆ, ಚಿಟಿಕೆ ಉಪ್ಪು, ಹಿಡಿಯುವಷ್ಟು ಮೈದಾ. ಮೈದಾ ಸುಮಾರು ಒಂದು ಕಿಲೋ ಹಿಡಿಯುತ್ತದೆ; ಒಮ್ಮೆಗೇ ಸುರಿಯಬೇಡಿ, ಹಿಟ್ಟು ಗಟ್ಟಿಯಾದರೆ ಮರುದಿನಕ್ಕೆ ಬನ್ನು ಕಲ್ಲು. ಉಬ್ಬಿದ ಮೇಲೆ ಹಾವಿನಂತೆ ಹೊಸೆದು ಎರಡು ತುದಿಯನ್ನೂ ಎದುರುಬದುರಾಗಿ ಸುತ್ತುವುದು. ಚಕ್ಕುಲಿ ಸುತ್ತಿದ ಕೈಗೆ ಅದೇನು ಮಹಾ. ಮೇಲೆ ಮೊಟ್ಟೆಯ ಬದಲು ಹಾಲು ಸವರಿ. ಬೇಯಿಸಿದ ಕೆಲವನ್ನು ಫ್ರೀಜರ್‌ನಲ್ಲಿಟ್ಟು, ಲುಸಿಯಾ ದಿನ ಮಗಳ ಡಬ್ಬಿಗೆ ಕಳಿಸಬಹುದಾ ಎಂದು ಶಿಕ್ಷಕರನ್ನು ಕೇಳಿ.

ಊಟದ ಬಗ್ಗೆ ಇನ್ನೊಂದು ಮಾತು. ಇಲ್ಲಿ ಸಸ್ಯಾಹಾರಿ ಎಂದರೆ ಮೊಟ್ಟೆ ತಿನ್ನುವವರು ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ವಿಶೇಷ ಆಹಾರದ ಅರ್ಜಿಯಲ್ಲಿ “ಲಾಕ್ಟೊವೆಗೆಟೇರಿಯನ್, ಮೊಟ್ಟೆ ಬೇಡ, ಜೆಲಟಿನ್ ಬೇಡ” ಎಂದು ಬಿಡಿಸಿ ಬರೆಯಿರಿ. ಜೆಲ್ಲಿ ಮಿಠಾಯಿ, ಗುಲಾಬಿ-ಬಿಳಿ ಬಣ್ಣದ ಮೆತ್ತನೆಯ ಕ್ರಿಸ್‌ಮಸ್ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಹಂದಿಯ ಜೆಲಟಿನ್ ಇರುತ್ತದೆ. ಡಿಸೆಂಬರ್‌ನ ಶಾಲೆಯ ಊಟದಲ್ಲಿ, ಆಫೀಸಿನ ಕ್ರಿಸ್‌ಮಸ್ ಔತಣವಾದ ಯೂಲ್‌ಬೂರ್ಡ್‌ನಲ್ಲಿ ಯಾನ್ಸನ್ಸ್ ಎಂಬ ಆಲೂಗಡ್ಡೆ-ಕೆನೆಯ ಖಾದ್ಯ ಇಡುತ್ತಾರೆ. ನೋಡಿದರೆ ಬರೀ ಆಲೂಗಡ್ಡೆ, ಒಳಗೆ ಮೀನು. ಪೆಪ್ಪರ್‌ಕಾಕಾ ಬಿಸ್ಕತ್ತಿಗೆ ಮಾತ್ರ ಅಷ್ಟು ಹೆದರಬೇಕಿಲ್ಲ, ಮೊಟ್ಟೆಯಿಲ್ಲದ್ದು ಸುಲಭವಾಗಿ ಸಿಗುತ್ತದೆ. ಪೊಟ್ಟಣದ ಹಿಂದೆ ಒಮ್ಮೆ ಓದಿಕೊಳ್ಳಿ.

ಈಗ ಮಗನ ಪ್ರಶ್ನೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿ ಉಡುಗೊರೆಯ ದಿನ 25 ಅಲ್ಲ, 24ರ ಸಂಜೆ. ಯಾವನೋ ಮಾವನೋ ನೆರೆಯವನೋ ಕೆಂಪು ಬಟ್ಟೆ, ಹತ್ತಿಗಡ್ಡ ಹಾಕಿಕೊಂಡು ಬಾಗಿಲು ತಟ್ಟಿ ಕೇಳುವ ಮೊದಲ ಮಾತು: “ಇಲ್ಲಿ ಒಳ್ಳೆ ಮಕ್ಕಳು ಇದ್ದಾರಾ?” ಶಾಲೆಯಲ್ಲಿ ಈ ಮಾತು ಕೇಳಿಸಿಕೊಂಡ ಮಗು ಲೆಕ್ಕ ಹಾಕುತ್ತದೆ: ನಮ್ಮನೆಗೆ ಬರಲಿಲ್ಲ, ಅಂದರೆ ನಾನು ಒಳ್ಳೆಯವನಲ್ಲ. ಎಂಟು ವರ್ಷದವನಿಗೆ ಅರ್ಧ ನಂಬಿಕೆ, ಅರ್ಧ ಅನುಮಾನ ಇರುವ ವಯಸ್ಸು. “ನಾವು ಹಿಂದೂಗಳು, ನಮಗೆ ಅದೆಲ್ಲ ಇಲ್ಲ” ಎಂದರೆ ಆ ಲೆಕ್ಕ ಹಾಗೇ ಉಳಿಯುತ್ತದೆ. ನೇರವಾಗಿ ಹೇಳಿ: “ಟೊಮ್ಟೆ ಇಲ್ಲಿನ ಮನೆಗಳ ಒಂದು ಆಟ ಕಣೋ. ದೊಡ್ಡವರು ವೇಷ ಹಾಕ್ತಾರೆ. ಮಕ್ಕಳು ಒಳ್ಳೆಯವರೋ ಕೆಟ್ಟವರೋ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ತಂಗಿಗೆ, ಸಣ್ಣ ಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಡ, ಅವರಿಗೆ ಖುಷಿ.” ಗುಟ್ಟು ಕಾಯುವ ಕೆಲಸ ಸಿಕ್ಕ ಮೇಲೆ ಹುಡುಗರು ಬೇರೆಯೇ ಆಗಿಬಿಡುತ್ತಾರೆ. ಅವನೇ ಈ ವರ್ಷ ತಂಗಿಗೆ ಟೊಮ್ಟೆ ಆಗಲಿ ಬೇಕಿದ್ದರೆ.

ಉಡುಗೊರೆ? ಒಂದೊಂದು ಕೊಡಿ, ದೊಡ್ಡದು ಬೇಡ. ಜನವರಿಯಲ್ಲಿ ಶಾಲೆ ತೆರೆದ ದಿನ ಮಕ್ಕಳು ಪರಸ್ಪರ ಕೇಳಿಕೊಳ್ಳುವುದು ಒಂದೇ, “ಏನು ಸಿಕ್ಕಿತು?” ಅವನ ಬಾಯಲ್ಲಿ ಹೇಳಲು ಏನಾದರೂ ಒಂದು ಇರಲಿ. ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಕಿಟಕಿ ತೆರೆಯುವ ಚಾಕೊಲೇಟ್ ಕ್ಯಾಲೆಂಡರ್ ಕೂಡ ಮಕ್ಕಳಿಬ್ಬರಿಗೂ ತಂದುಬಿಡಿ, ಬೇರೆ ಬೇರೆಯಾಗಿ. ಒಂದನ್ನೇ ಹಂಚಿಕೊಳ್ಳಿ ಎಂದರೆ ಇಪ್ಪತ್ತನಾಲ್ಕು ಜಗಳ. ಟೀವಿಯಲ್ಲೂ ಅದೇ ಲೆಕ್ಕದಲ್ಲಿ ದಿನಕ್ಕೊಂದು ಕಂತಿನ ಮಕ್ಕಳ ಧಾರಾವಾಹಿ ಬರುತ್ತದೆ, 1960ರಿಂದ ನಡೆದುಬಂದ ಪದ್ಧತಿ. ತರಗತಿಯಲ್ಲಿ ಮರುದಿನ ಅದರದ್ದೇ ಮಾತು. ಬೇರೆ ಟೀವಿ ಕಡಿಮೆ ಮಾಡಿ, ಇದನ್ನು ಮಾತ್ರ ತಪ್ಪಿಸಬೇಡಿ. ಸ್ವೀಡಿಷ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಆ ತಿಂಗಳಲ್ಲಿ ಬೇರೆಯಿಲ್ಲ. ಶಿಕ್ಷಕರಿಗೆ ಉಡುಗೊರೆ ಬೇಡವೇ ಬೇಡ. ಮಗು ಬರೆದ ಚಿತ್ರ ಸಾಕು. ಬೆಲೆಬಾಳುವುದನ್ನು ನಾವು ತೆಗೆದುಕೊಳ್ಳುವಂತಿಲ್ಲ, ವಾಪಸ್ ಕೊಡುವಾಗ ಇಬ್ಬರಿಗೂ ಮುಜುಗರ.

ಇನ್ನು ಕತ್ತಲು. ಡಿಸೆಂಬರ್ ಮೂರನೇ ವಾರ ಸ್ಟಾಕ್‌ಹೋಮ್‌ನಲ್ಲಿ ಸೂರ್ಯ ಹುಟ್ಟುವುದು ಸುಮಾರು ಎಂಟೂಮುಕ್ಕಾಲಿಗೆ, ಮುಳುಗುವುದು ಮೂರಕ್ಕೂ ಮೊದಲು. ಹಗಲು ಆರು ಗಂಟೆ. ಧನುರ್ಮಾಸದ ಪೂಜೆಯನ್ನು ಸೂರ್ಯೋದಯಕ್ಕೆ ಮೊದಲೇ ಮುಗಿಸಿ ಹುಗ್ಗಿ ನೈವೇದ್ಯ ಮಾಡಬೇಕು ಎನ್ನುವವರಿಗೆ ಇಷ್ಟು ಅನುಕೂಲದ ಊರು ಮತ್ತೊಂದಿಲ್ಲ; ಎಂಟು ಗಂಟೆಗೆ ಎದ್ದರೂ ನಡೆಯುತ್ತದೆ. ಅತ್ತೆಯವರಿಗೆ ಇದನ್ನೂ ಹೇಳಿ, ನಗುತ್ತಾರೆ.

ವಾರದ ದಿನ ಮಕ್ಕಳಿಗೆ ಬೆಳಕು ಸಿಗುವುದು ಶಾಲೆಯ ಅಂಗಳದಲ್ಲೇ. ನಾವು ಅವರನ್ನು ಮಳೆ, ಮಂಜು ಏನಿದ್ದರೂ ಹೊರಗೆ ಕರೆದುಕೊಂಡು ಹೋಗುವುದು ಅದಕ್ಕೇ. “ಶೀತ ಆಗಿದೆ, ಇವತ್ತು ಒಳಗೇ ಇರಿಸಿಕೊಳ್ಳಿ” ಎಂದು ಕೇಳಬೇಡಿ. ಒಳಗೇ ಇರಬೇಕಾದಷ್ಟು ಹುಷಾರಿಲ್ಲದ ಮಗು ಮನೆಯಲ್ಲಿ ಇರಬೇಕು, ಇಲ್ಲಿನ ಲೆಕ್ಕ ಅದು. ಕೆಲಸಕ್ಕೆ ಹೋಗುವ ನಿಮ್ಮಿಬ್ಬರಿಗೇ ಬೆಳಕು ಕಡಿಮೆ ಬೀಳುವುದು. ಮಧ್ಯಾಹ್ನದ ಊಟದ ಹೊತ್ತಿಗೆ ಆಫೀಸಿನಿಂದ ಹೊರಬಿದ್ದು ಇಪ್ಪತ್ತು ನಿಮಿಷ ನಡೆಯಿರಿ. ಶನಿವಾರ-ಭಾನುವಾರ ಹನ್ನೊಂದರಿಂದ ಒಂದರವರೆಗಿನ ಹೊತ್ತನ್ನು ಮನೆ ಸಾಮಾನು ತರಲು, ಬಟ್ಟೆ ಒಗೆಯಲು ಕಳೆಯಬೇಡಿ. ಪುಲ್ಕಾ ಎಂಬ ಪ್ಲಾಸ್ಟಿಕ್ ಜಾರುಬಂಡಿ, ಫ್ಲಾಸ್ಕಿನಲ್ಲಿ ಬಿಸಿ ಹಾಲು, ಹತ್ತಿರದ ದಿಬ್ಬ. ಹಿಮ ಇಲ್ಲದಿದ್ದರೆ ಕಾಡು. ಅಂಗಡಿಗಳು ಕತ್ತಲಾದ ಮೇಲೂ ತೆರೆದಿರುತ್ತವೆ. ಕಿಟಕಿಯಲ್ಲಿ ಏಳು ದೀಪದ ತ್ರಿಕೋನ ಗೂಡು ಇಡಿ, ಇಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅಡ್ವೆಂಟ್‌ನ ಮೊದಲ ಭಾನುವಾರದಿಂದ ಪ್ರತಿ ಮನೆಯಲ್ಲೂ ಉರಿಯುತ್ತದೆ. ದೀಪಾವಳಿಗೆ ಕಟ್ಟಿದ ದೀಪದ ಸರವನ್ನು ಬಿಚ್ಚದೆ ಹಾಗೇ ಬಿಟ್ಟರೂ ಆಯಿತು.

ಈ ಅಕ್ಷಾಂಶದಲ್ಲಿ ಚಳಿಗಾಲದ ಬಿಸಿಲಿನಿಂದ ಚರ್ಮದಲ್ಲಿ ಡಿ ವಿಟಮಿನ್ ಆಗುವುದಿಲ್ಲ. ಎರಡು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಇಲ್ಲಿ ದಿನಕ್ಕೆ 10 ಮೈಕ್ರೊಗ್ರಾಂನ ಹನಿ ಕೊಡಿ ಎನ್ನುತ್ತಾರೆ. ನಿಮ್ಮ ಮಕ್ಕಳ ವಯಸ್ಸು ದಾಟಿದ್ದರೂ ಮೀನು ತಿನ್ನದವರು, ಕಂದು ಚರ್ಮದವರು. ಆದ್ದರಿಂದ ಮಗಳ ವಿಷಯವನ್ನು ಮಕ್ಕಳ ಆರೋಗ್ಯ ಕೇಂದ್ರದ ನರ್ಸ್ ಹತ್ತಿರ, ಮಗನದ್ದನ್ನು ಶಾಲೆಯ ನರ್ಸ್ ಹತ್ತಿರ ಕೇಳಿ. ಊರಿನಿಂದ ತಂದ ಡೋಸನ್ನು ಅಂದಾಜಿನಲ್ಲಿ ಹಾಕಬೇಡಿ.

ಬೆಳಗಿನ ಕೂಗಾಟದ ಮೂಲ ಬಹುಪಾಲು ಬಟ್ಟೆಯಲ್ಲಿದೆ. ಒಳಗೆ ಹತ್ತಿಯ ಬನಿಯನ್, ಮೇಲೆ ಮೂರು ಸ್ವೆಟರ್ ಹಾಕಿಸಿದರೆ ಮಗು ಬೆವರಿ ಒದ್ದೆಯಾಗಿ ಆಮೇಲೆ ನಡುಗುತ್ತದೆ. ಮೈಗೆ ಅಂಟುವ ಉಣ್ಣೆಯ ಒಳಬಟ್ಟೆ ಒಂದು, ಅದರ ಮೇಲೆ ಫ್ಲೀಸ್, ಹೊರಗೆ ಓವರ್‌ಆಲ್. ಮೂರೇ. ಉಣ್ಣೆಯ ವಿಷಯದಲ್ಲಿ ದುಡ್ಡು ಉಳಿಸಬೇಡಿ, ಓವರ್‌ಆಲ್ ಸೆಕೆಂಡ್‌ಹ್ಯಾಂಡ್ ಆದರೂ ನಡೆಯುತ್ತದೆ. ಮಫ್ಲರ್ ಬೇಡ, ಆಡುವಾಗ ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಗೆ ತಲೆಯಿಂದ ತೂರಿಸುವ ಪಟ್ಟಿ ಸಿಗುತ್ತದೆ. ಕೈಗವಸು ಎರಡು ಜೊತೆ, ಎಲ್ಲದರ ಮೇಲೂ ಹೆಸರು. ಮಗನ ಜಾಕೆಟ್‌ಗೆ ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಸ್ ಬಿಲ್ಲೆ ತೂಗುಹಾಕಿ. ಕಾರಿನ ಸೀಟಿನಲ್ಲಿ ಕೂರಿಸುವಾಗ ಮಾತ್ರ ಓವರ್‌ಆಲ್ ಬಿಚ್ಚಿಸಿ. ದಪ್ಪ ಬಟ್ಟೆಯ ಮೇಲೆ ಕಟ್ಟಿದ ಬೆಲ್ಟ್ ಬಿಗಿಯಾಗಿ ಕೂರುವುದಿಲ್ಲ.

ಮತ್ತೆ, ನೀವು ಹಾಕಿಸಬೇಡಿ. ನಮ್ಮ ಕಡೆಯಿಂದ ಹೊಸದಾಗಿ ಬಂದ ನಾಲ್ಕು ವರ್ಷದ ಮಕ್ಕಳು ಹಜಾರದಲ್ಲಿ ಕೈ ಚಾಚಿಕೊಂಡು ನಿಂತುಬಿಡುತ್ತವೆ, ಯಾರಾದರೂ ಬಂದು ಹಾಕುತ್ತಾರೆಂದು. ನಾವು ಕಲಿಸುವ ರೀತಿ ಹೇಳುತ್ತೇನೆ. ಓವರ್‌ಆಲ್‌ನ ಜಿಪ್ ತೆಗೆದು ನೆಲದ ಮೇಲೆ ಅಂಗಾತ ಹರಡಿ. ಮಗು ಅದರ ನಡುವೆ ಕೂರಲಿ. ಒಂದೊಂದು ಕಾಲು ತೂರಿಸಿ, ಪಾದ ಹೊರಗೆ ಬಂದ ಮೇಲೆ ಎದ್ದು ನಿಲ್ಲಲಿ, ಆಮೇಲೆ ತೋಳು. ಜಿಪ್‌ನ ಕೆಳತುದಿಯನ್ನು ನೀವು ಹಿಡಿದುಕೊಳ್ಳಿ, ಎಳೆಯುವುದು ಅವಳೇ. ಶನಿವಾರ ಅವಸರವಿಲ್ಲದಾಗ ಕೂತು ಆಟದಂತೆ ಅಭ್ಯಾಸ ಮಾಡಿಸಿ, ಸೋಮವಾರ ಬೆಳಿಗ್ಗೆಯಲ್ಲ. ಹದಿನೈದು ನಿಮಿಷ ಬೇಗ ಏಳುವುದು ಬಿಟ್ಟರೆ ಬೇರೆ ಮದ್ದಿಲ್ಲ. ಸಿಟ್ಟಿನಲ್ಲಿ ಒಂದೇಟು ಬಿದ್ದರೂ ಇಲ್ಲಿ ಅದು ಮನೆಯೊಳಗಿನ ಮಾತಾಗಿ ಉಳಿಯುವುದಿಲ್ಲ. ಮಕ್ಕಳಿಗೆ ಹೊಡೆಯುವುದನ್ನು ಸ್ವೀಡನ್ 1979ರಲ್ಲೇ ನಿಷೇಧಿಸಿದೆ, ಮಗು ಹೇಳಿದರೆ ನಾವು ಸಾಮಾಜಿಕ ಸೇವೆಗೆ ತಿಳಿಸಲೇಬೇಕು.

ಕೆಮ್ಮು-ನೆಗಡಿಗೆ ಗಾಬರಿ ಬೇಡ. ಮೊದಲ ಚಳಿಗಾಲದಲ್ಲಿ ಒಂದು ಹೋಗುವಷ್ಟರಲ್ಲಿ ಇನ್ನೊಂದು ಬರುತ್ತದೆ. ಜ್ವರ ಬಿಟ್ಟು ಒಂದು ದಿನ ಕಳೆದ ಮೇಲೆ ಕಳಿಸಿ. ವಾಂತಿ-ಭೇದಿಯಾದರೆ, ಕೊನೆಯ ಸಲ ಆದ ಮೇಲೆ 48 ಗಂಟೆ ಮನೆಯಲ್ಲೇ. ಅದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರಿನಲ್ಲೇ ಕೈ ತೊಳೆಯಬೇಕು. ಅನುಮಾನ ಬಂದರೆ ಆರೋಗ್ಯ ಸಹಾಯವಾಣಿ 1177ಕ್ಕೆ ಫೋನ್ ಮಾಡಿ, ನರ್ಸ್ ಮಾತಾಡುತ್ತಾರೆ. ಮಗು ನೋಡಿಕೊಳ್ಳಲು ಮನೆಯಲ್ಲಿ ಉಳಿದ ದಿನಕ್ಕೆ ಸರ್ಕಾರದ ವಿಮೆಯಿಂದ ಸಂಬಳದ ಸುಮಾರು ಶೇ. 80ರಷ್ಟು ಸಿಗುತ್ತದೆ. ಇದಕ್ಕೆ ವಾಬ್ ಎನ್ನುತ್ತಾರೆ. ಮಗುವಿಗೆ 12 ತುಂಬುವವರೆಗೆ, ವರ್ಷಕ್ಕೆ 120 ದಿನದವರೆಗೆ. ಎಂಟನೇ ದಿನದಿಂದ ವೈದ್ಯರ ಪತ್ರ ಬೇಕು. ನೀವಿಬ್ಬರೂ ಸರದಿಯಲ್ಲಿ ತೆಗೆದುಕೊಳ್ಳಿ. ಇಲ್ಲಿ ಮ್ಯಾನೇಜರುಗಳೇ “ಇವತ್ತು ವಾಬ್” ಎಂದು ಬರೆದು ಮನೆಯಲ್ಲಿ ಉಳಿಯುತ್ತಾರೆ; ನಿಮ್ಮ ಯಜಮಾನರು ಸಂಕೋಚ ಪಡಬೇಕಾಗಿಲ್ಲ.

ರಜೆಯ ದಿನಗಳಲ್ಲಿ 24, 25, 26 ಮೂರು ದಿನ ಊರು ನಿಶ್ಶಬ್ದ. ಬಸ್ ಕಡಿಮೆ, ಬಹಳ ಅಂಗಡಿ ಮುಚ್ಚಿರುತ್ತವೆ ಇಲ್ಲವೇ ಬೇಗ ಮುಚ್ಚುತ್ತವೆ. ಹೊಸಬರಿಗೆ ಅತಿ ಒಂಟಿತನ ಅನಿಸುವುದು ಆಗಲೇ, ಎದುರು ಮನೆಗಳಲ್ಲೆಲ್ಲ ನೆಂಟರು ತುಂಬಿರುವುದು ಕಾಣುತ್ತಿರುತ್ತದೆ. ಈಗಲೇ ಯಾರನ್ನಾದರೂ ಊಟಕ್ಕೆ ಕರೆದುಬಿಡಿ. ಕನ್ನಡದವರೇ ಆಗಬೇಕೆಂದಿಲ್ಲ, ಮಗನ ತರಗತಿಯಲ್ಲಿ ನಿಮ್ಮಂತೆಯೇ ಊರಿಗೆ ಹೋಗದ ಇರಾನಿನವರೋ ಪೋಲೆಂಡಿನವರೋ ಖಂಡಿತ ಇರುತ್ತಾರೆ. 24ಕ್ಕೆ ಮಧ್ಯಾಹ್ನ ಮೂರಕ್ಕೆ ದೇಶವೆಲ್ಲ ಟೀವಿ ಮುಂದೆ ಕೂತು ಡೊನಾಲ್ಡ್ ಡಕ್ ನೋಡುತ್ತದೆ, ನೀವೂ ನೋಡಿ. ಅಜ್ಜಿಯೊಂದಿಗೆ ಮಾತು ಬೆಳಿಗ್ಗೆಯೇ ಆಗಲಿ. ನಾಲ್ಕೂವರೆ ಗಂಟೆಯ ವ್ಯತ್ಯಾಸ ಇರುವುದರಿಂದ ಇಲ್ಲಿ ಸಂಜೆ ಮಕ್ಕಳು ಬಿಡುವಾಗುವಷ್ಟರಲ್ಲಿ ಮೈಸೂರಿನಲ್ಲಿ ಮಲಗುವ ಹೊತ್ತು.

ಜನವರಿ 13 ಇಲ್ಲಿ ಕ್ನೂತ್ ದಿನ, ಕ್ರಿಸ್‌ಮಸ್ ಮರವನ್ನು ಹೊರಗೆ ಹಾಕಿ ಹಬ್ಬ ಮುಗಿಸುತ್ತಾರೆ. ಅದರ ಬೆನ್ನಿಗೇ ನಮ್ಮ ಸಂಕ್ರಾಂತಿ. ನಮ್ಮ ಹಬ್ಬದ್ದೊಂದು ತುಣುಕು ಶಾಲೆಗೂ ಹೋಗಲಿ ಎಂದು ನಿಮಗೆ ಅನಿಸಿದರೆ ಅದು ಒಳ್ಳೆಯ ಹೊತ್ತು, ಮಕ್ಕಳಿಗೂ ಹೇಳಿಕೊಳ್ಳಲು ತಮ್ಮದೇ ಕಥೆ ಸಿಗುತ್ತದೆ. ಆದರೆ ಎಳ್ಳು-ಬೆಲ್ಲದ ಪೊಟ್ಟಣ ಕಟ್ಟಿ ಕಳಿಸಬೇಡಿ. ಕಡಲೆಕಾಯಿ, ಎಳ್ಳು ಎರಡೂ ಅಲರ್ಜಿಯ ವಸ್ತುಗಳು, ಬಹಳಷ್ಟು ಫೋರ್‌ಸ್ಕೂಲಾಗಳೊಳಗೆ ಬೀಜಗಳಿಗೆ ಪ್ರವೇಶವೇ ಇಲ್ಲ. ಸಕ್ಕರೆ ಅಚ್ಚಿಗೂ ಕೆಲವು ಕಡೆ ಬೇಡ ಎನ್ನಬಹುದು. ಒಂದು ಕಬ್ಬಿನ ಜಲ್ಲೆ ಏಷ್ಯಾ ಅಂಗಡಿಯಲ್ಲಿ ಸಿಕ್ಕಿದರೆ ಅದನ್ನೇ ತನ್ನಿ, ಮೊದಲು ಶಿಕ್ಷಕರಿಗೆ ಒಂದು ಸಾಲು ಬರೆದು ಕೇಳಿಕೊಂಡು.